ಎರಡೂ ಕಡೆ ಮುಖಪುಟವಿದ್ದ ಪುಸ್ತಕ

ಕಾಗದಕ್ಕೆ ಒಂದು ದಿಕ್ಕಿದೆ. ಮರದ ಹಲಗೆಗೆ ಎಳೆ ಇರುವ ಹಾಗೆ ಹಾಳೆಗೂ ಎಳೆ ಇದೆ. ಒಂದು ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ಕಡೆ ಹೇಳಿದ ಮಾತು ಕೇಳುತ್ತದೆ, ಇನ್ನೊಂದು ಕಡೆ ಹಟ ಮಾಡುತ್ತದೆ. ಮಾತು ಕೇಳುವ ಎಳೆ ಪುಸ್ತಕದ ಬೆನ್ನಿನ ಉದ್ದಕ್ಕೆ ಹೋಗಬೇಕು. ಇಷ್ಟನ್ನು ನೋಡದೆ ಕಟ್ಟಿದ ಪುಸ್ತಕ ಆರು ತಿಂಗಳಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಇದನ್ನು ಪೂರ್ಣಿಮಾಗೆ ಹೇಳುತ್ತಿದ್ದೇನೆ. ಧಾರವಾಡದ ಹುಡುಗಿ, ಗಂಡನ ಜೊತೆ ಆಸ್ಟ್ರೇಲಿಯಾಕ್ಕೆ ಬಂದು, ಮೆಲ್ಬರ್ನ್ ಹೊರವಲಯದ ಕ್ರಾನ್‌ಬರ್ನ್‌ನಲ್ಲಿ ನಮ್ಮ ಬೀದಿಯಲ್ಲೇ ಮನೆ ಮಾಡಿದ್ದಾಳೆ. ಒಂದು ಪ್ರಿಂಟ್ ಶಾಪ್‌ನಲ್ಲಿ ಕೆಲಸ ಸಿಕ್ಕಿದೆ. ಹೋದ ತಿಂಗಳು ಮನೆಗೆ ಬಂದವಳು, “ಅಂಕಲ್, ನೀವು ಬೈಂಡಿಂಗ್‌ನಾಗ ಇದ್ರಂತಲ್ರಿ. ನಾ ವಿಡಿಯೋ ನೋಡಿ ನೋಡಿ ಮಾಡ್ತೀನಿ, ಆದ್ರೂ ಸ್ಪೈನ್ ಕ್ರ್ಯಾಕ್ ಆಗ್ತೈತಿ. ಟ್ರಿಕ್ ಏನರ ಇದ್ರ ಹೇಳ್ರಿ” ಎಂದಳು. ಟ್ರಿಕ್ ಏನೂ ಇಲ್ಲ. ಎಳೆ ನೋಡುವುದು, ಬೆನ್ನು ಉಜ್ಜುವುದು, ಅಂಟು ಕುಡಿಯಲು ಬಿಡುವುದು. ಆದರೆ ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. ಚಹಾ ಎರಡು ಸಲ ಆಯಿತು. “ಬರದ್ ಇಡ್ರಿ ಅಂಕಲ್, ನಮ್ಮಂಥವ್ರಿಗೆ ಬೇಕಾಗ್ತೈತಿ” ಎಂದು ಹೇಳಿ ಹೋದಳು. ಅವಳಿಗಾಗಿ, ಅವಳಂತೆ ಕೈಕೆಲಸಕ್ಕೆ ಬರುವ ಇತರರಿಗಾಗಿ ಬರೆಯುತ್ತಿದ್ದೇನೆ. ಯಾವಾಗ ಸೀನಿಯರ್ ಆದೆ, ಯಾವಾಗ ಸೂಪರ್‌ವೈಸರ್ ಆದೆ ಎನ್ನುವುದನ್ನು ಬಿಟ್ಟಿದ್ದೇನೆ. ಅವೆಲ್ಲ ಆಫೀಸಿನ ಫೈಲಿನಲ್ಲಿವೆ.

ನಾನು ಶಾಲೆ ಬಿಟ್ಟದ್ದು ಏಳನೇ ಇಯತ್ತೆಗೆ. ಹುಬ್ಬಳ್ಳಿಯ ಒಂದು ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಖಾದರ್ ಸಾಬ್ ಎಂಬ ಬೈಂಡರ್ ಇದ್ದರು. ನನ್ನ ಕಾಲೇಜು ಆ ಕೋಣೆಯೇ. ಅವರು ಸೂಜಿ ಹಿಡಿದರೆ ಎಂಟು ಫಾರಂ, ಅಂದರೆ ಮಡಿಸಿದ ಹಾಳೆಗಳ ಎಂಟು ಕಂತೆ, ಹೊಲಿದು ಮುಗಿಯುವವರೆಗೆ ತಲೆ ಎತ್ತುತ್ತಿರಲಿಲ್ಲ. ನಾನು ಒಮ್ಮೆ ಒಂದು ಫಾರಂ ಮಡಿಸುತ್ತ ಅದರಲ್ಲಿದ್ದ ಕಥೆ ಓದುತ್ತ ನಿಂತೆ. ತಲೆಗೆ ಮೊಟಕಿದರು.

“ಏ ಬೇಟಾ, ಓದಾಕ ಬಂದೀಯೋ, ಕಟ್ಟಾಕ ಬಂದೀಯೋ? ಬೈಂಡರ್ ಓದಬಾರದು. ಎಣಸಬೇಕು. ನಂಬರ್ ಸರಿ ಇದ್ರ ಪುಸ್ತಕ ಸರಿ.”

ಆ ಮಾತನ್ನು ನಾನು ಇಪ್ಪತ್ತು ವರ್ಷ ದೇವರ ಮಾತಿನಂತೆ ಪಾಲಿಸಿದೆ. ಕಣ್ಣು ಮುಚ್ಚಿ ಹಾಳೆ ಎಣಿಸಬಲ್ಲೆ. ಐನೂರು ಹಾಳೆಯಲ್ಲಿ ಒಂದು ಕಡಿಮೆ ಇದ್ದರೆ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಅದರ ಬಗ್ಗೆ ನನಗೆ ಜಂಬ ಇತ್ತು. ಈಗಲೂ ಸ್ವಲ್ಪ ಇದೆ.

ಆಸ್ಟ್ರೇಲಿಯಾಕ್ಕೆ ಬಂದದ್ದು ಹೆಂಡತಿಯ ಹಿಂದೆ. ಸರೋಜಾ ನರ್ಸ್, ವೀಸಾ ಅವಳದ್ದು, ನಾನು ಅರ್ಜಿಯ ಎರಡನೇ ಪುಟದಲ್ಲಿದ್ದ ಹೆಸರು. ಟೂಂಗಾಬಿ ಎಂಬಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಯೂನಿಟ್, ಅಂದರೆ ಸಣ್ಣ ಫ್ಲ್ಯಾಟ್, ರೆಂಟ್‌ಗೆ ಹಿಡಿದೆವು. ಅವಳು ಆಸ್ಪತ್ರೆಗೆ ಹೋದ ಮೇಲೆ ನಾನು ಪ್ರಿಂಟಿಂಗ್ ಎಂದು ಬೋರ್ಡ್ ಇದ್ದ ಕಡೆಯೆಲ್ಲ ಒಳಗೆ ಹೋಗಿ, ಗೊತ್ತಿದ್ದ ನಾಲ್ಕು ಇಂಗ್ಲಿಷ್ ಮಾತು ಆಡಿ ಹೊರಗೆ ಬರುತ್ತಿದ್ದೆ. ಒಂಬತ್ತನೆಯದೋ ಹತ್ತನೆಯದೋ ಜಾಗದಲ್ಲಿ ರೋಸಾ ಎಂಬ ಮುದುಕಿ ಫೋರ್‌ವುಮನ್ ಇದ್ದಳು. ಇಟಲಿಯಿಂದ ಹುಡುಗಿಯಾಗಿದ್ದಾಗ ಬಂದವಳು. ನನ್ನ ಮಾತು ಅರ್ಧಕ್ಕೇ ನಿಲ್ಲಿಸಿ ಒಂದು ಹಾಳೆ ಕೈಗೆ ಕೊಟ್ಟಳು. ನಾನು ಅದನ್ನು ಎರಡು ಕಡೆ ಬಗ್ಗಿಸಿ ನೋಡಿ, ಎಳೆ ಇರುವ ಕಡೆ ಬೆರಳಿನಿಂದ ಗೆರೆ ಎಳೆದೆ. “ಸೋಮವಾರ ಬಾ” ಎಂದಳು. ನನ್ನ ಜೀವನದ ಅತ್ಯಂತ ಚಿಕ್ಕ ಇಂಟರ್‌ವ್ಯೂ ಅದು. ಆ ತಾಯಿಗೆ ನಾನು ಇವತ್ತಿಗೂ ಋಣಿ.

ಅಲ್ಲಿ ನಾಲ್ಕು ವರ್ಷ ಇದ್ದೆ. ಹೊಲಿಗೆ ಹೋಗಿ ಬಿಸಿ ಅಂಟು ಬಂದದ್ದನ್ನು ಅಲ್ಲೇ ಕಲಿತೆ. ಮೊದಲ ವಾರ ಅಂಟಿನ ಮೆಷಿನ್ನನ್ನು ಅನುಮಾನದಿಂದಲೇ ನೋಡಿದೆ. ದಾರ ಇಲ್ಲದೆ ಪುಸ್ತಕ ನಿಲ್ಲುತ್ತದೆಯೇ ಎಂದು ಕಟ್ಟಿದ್ದನ್ನೆಲ್ಲ ಎಳೆದು ಎಳೆದು ನೋಡಿ ಹನ್ನೊಂದು ಪುಸ್ತಕ ಹರಿದೆ. ರೋಸಾ ಹನ್ನೆರಡನೆಯದನ್ನು ನನ್ನ ಕೈಯಿಂದ ಕಸಿದುಕೊಂಡು, “ಇದು ಗಿರಾಕಿಗೆ” ಎಂದಳು. ಮುಂದೆ ಅಂಟಿನ ಜಾತಿ ಬದಲಾಯಿತು, ಆಮೇಲೆ ಮೆಷಿನ್ನಿಗೆ ಕಂಪ್ಯೂಟರ್ ಬಂತು, ಆಮೇಲೆ ಓದುವುದೆಲ್ಲ ಪರದೆ ಮೇಲೇ ಆಗಿ ನಾವು ಕಟ್ಟುತ್ತಿದ್ದ ಅರ್ಧ ಸಾಮಾನು ಇಲ್ಲವಾಯಿತು. ಅದಕ್ಕೆ ನನಗೆ ಸಿಟ್ಟಿಲ್ಲ. ಇರುವವರೆಗೆ ಹೊಟ್ಟೆ ತುಂಬ ಕೆಲಸ ಇತ್ತು.

ಸರೋಜಾಗೆ ಮೆಲ್ಬರ್ನ್‌ನಲ್ಲಿ ಒಳ್ಳೆಯ ವಾರ್ಡ್ ಸಿಕ್ಕಿತು ಎಂದು ಇಲ್ಲಿಗೆ ಬಂದೆವು. ನನಗೆ ಒಂದು ಯೂನಿವರ್ಸಿಟಿಯ ಪ್ರಿಂಟ್ ಶಾಪ್‌ನಲ್ಲಿ ಬೈಂಡರ್ ಕೆಲಸ. ಮೂರು ತಿಂಗಳ ಕಾಂಟ್ರಾಕ್ಟ್. ಕೆಲಸ ಮೆಚ್ಚಿದರೆ ಪರ್ಮನೆಂಟ್ ಎಂಬ ಮಾತು. ಕ್ರಾನ್‌ಬರ್ನ್‌ನ ಮನೆಗೆ ಮಾರ್ಟ್‌ಗೇಜ್ ಅರ್ಜಿ ಹಾಕಿದ್ದೆವು. ನನ್ನ ಕೆಲಸ ಗಟ್ಟಿಯಾಗದೆ ಬ್ಯಾಂಕಿನವರು ಹೂಂ ಎನ್ನುವವರಿರಲಿಲ್ಲ. ಈ ಬರಹದಲ್ಲಿ ನಿಮಗೆ ಹೇಳಬೇಕೆಂದಿರುವ ತಪ್ಪು ಆ ಮೂರು ತಿಂಗಳಲ್ಲಿ ನಡೆದದ್ದು.

ಆಗ ವಿದ್ಯಾರ್ಥಿಗಳಿಗೆ ಕೋರ್ಸ್ ರೀಡರ್ ಎಂಬುದು ಇರುತ್ತಿತ್ತು. ಪಾಠ ಮಾಡುವವರು ಅಲ್ಲಿ ಇಲ್ಲಿಂದ ಲೇಖನ ಆರಿಸಿ ಒಂದು ಕಟ್ಟು ಮಾಡಿ ಕೊಟ್ಟರೆ ನಾವು ನಕಲು ತೆಗೆದು, ಬೆನ್ನಿಗೆ ಅಂಟು ಹಾಕಿ ಪುಸ್ತಕ ಮಾಡುತ್ತಿದ್ದೆವು. ಪ್ರತಿ ಕೆಲಸಕ್ಕೂ ಡಾಕೆಟ್ ಎಂಬ ಚೀಟಿ. ಎಷ್ಟು ಪುಟ, ಎಷ್ಟು ಪ್ರತಿ, ಯಾವ ಬಣ್ಣದ ರಟ್ಟು ಎಂದು ಮ್ಯಾನೇಜರ್ ಗ್ರೇಮ್ ತುಂಬಬೇಕು. ಗ್ರೇಮ್ ಎತ್ತರದ, ಕೆಂಪು ಮುಖದ ಮನುಷ್ಯ. ಮೆಷಿನ್ ನಿಂತರೆ ಬೈಯುವುದು ಮೆಷಿನ್ನಿಗೆ, ಕಣ್ಣು ಮಾತ್ರ ನಮ್ಮ ಮೇಲೆ.

ಒಂದು ದಿನ ಹಿಸ್ಟರಿ ವಿಭಾಗದಿಂದ, ಹೆಲೆನ್ ಎಂಬ ಪ್ರೊಫೆಸರ್ ಕಳಿಸಿದ ಒಂದು ಪೆಟ್ಟಿಗೆ ಬಂತು. ಒಳಗೆ ಎರಡು ಕಟ್ಟು. ಎರಡರ ಮೇಲೂ ಒಂದೇ ದಪ್ಪಕ್ಷರದ ಹೆಸರು, ಅಮೆರಿಕದ ಸಂವಿಧಾನ ಎಂದು. ಎರಡರಲ್ಲೂ ಪುಟ ಒಂದರಿಂದ ಎಂಬತ್ತೆಂಟು. ಡಾಕೆಟ್‌ನಲ್ಲಿ ಪ್ರತಿ ಅರವತ್ತು ಎಂದಿತ್ತು. ಪುಟದ ಜಾಗ ಖಾಲಿ. ನಾನು ಯೋಚಿಸಲೂ ಇಲ್ಲ. ಹುಬ್ಬಳ್ಳಿಯಲ್ಲಿ ಬರಹಗಾರರೆಲ್ಲ ಎರಡು ಪ್ರತಿ ಕೊಡುತ್ತಿದ್ದರು. ಒಂದು ನಮ್ಮ ಎಣ್ಣೆಗೈಯಲ್ಲಿ ಹಾಳಾದರೆ ಇನ್ನೊಂದು ಇರಲಿ ಎಂದು. ಎರಡನೇ ಪ್ರತಿಯನ್ನು ಬಟ್ಟೆ ಸುತ್ತಿ ಮೇಲಿಡುವುದು ಖಾದರ್ ಸಾಬರ ಪದ್ಧತಿ. ನಾನೂ ಒಂದು ಕಟ್ಟನ್ನು ಕವರಿನಲ್ಲಿ ಹಾಕಿ ಅಟ್ಟದ ಮೇಲಿಟ್ಟೆ. ಇನ್ನೊಂದರಿಂದ ಅರವತ್ತು ಪುಸ್ತಕ ಮಾಡಿದೆ. ಚಂದದ ಕೆಲಸ. ಬೆನ್ನು ಗೆರೆ ಎಳೆದಂತೆ ಬಂದಿತ್ತು.

ಮೂರು ವಾರದ ಮೇಲೆ ಒಂದು ಗುರುವಾರ ಅಟ್ಟ ಸ್ವಚ್ಛ ಮಾಡುವಾಗ ಕವರ್ ಕೆಳಗೆ ಬಿದ್ದು ಹಾಳೆ ಚೆಲ್ಲಿದವು. ಜೋಡಿಸುತ್ತ ಹೋದೆ. ಹನ್ನೆರಡನೇ ಪುಟದಲ್ಲಿ ಅಡ್ಡಕ್ಕೆ ಒಂದು ಹಳೆಯ ವ್ಯಂಗ್ಯಚಿತ್ರ. ನಾನು ಅರವತ್ತು ಸಲ ಕಟ್ಟಿದ ಹನ್ನೆರಡನೇ ಪುಟದಲ್ಲಿ ಚಿತ್ರ ಇರಲಿಲ್ಲ. ಕಣ್ಣು ಅಷ್ಟನ್ನು ಮರೆಯುವುದಿಲ್ಲ. ದಪ್ಪಕ್ಷರದ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಆಗ ನೋಡಿದೆ. ನಾನು ಕಟ್ಟಿದ್ದರ ಕೆಳಗೆ ಇದ್ದದ್ದು ‘ಒಪ್ಪಿದವರು’. ಇದರ ಕೆಳಗೆ ‘ಒಪ್ಪದವರು’.

ಗ್ರೇಮ್ ಬಳಿ ಹೋದೆ. ಅವನು ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದ. ಆಮೇಲೆ ಡಾಕೆಟ್ ತೆಗೆದ. ನೂರ ಎಪ್ಪತ್ತಾರು ಪುಟ ಎಂದು ಇರಬೇಕಿದ್ದ ಖಾಲಿ ಜಾಗವನ್ನು ಇಬ್ಬರೂ ನೋಡಿದೆವು.

“ಯಾರಾದರೂ ಕಂಪ್ಲೇಂಟ್ ಮಾಡಿದರಾ?”

“ಇಲ್ಲ.”

“ಹಾಗಾದರೆ ಕೇಳು, ಮೇಟ್. ಅವಳು ಒಂದೇ ಕಟ್ಟು ಕೊಟ್ಟಳು. ಇನ್ನೊಂದನ್ನು ಕೊಡಲು ಮರೆತಳು. ಪ್ರೊಫೆಸರ್‌ಗಳು ಮರೆಯುತ್ತಾರೆ, ಅದಕ್ಕೇ ಅವರಿಗೆ ಸಂಬಳ. ಮುಂದಿನ ಶುಕ್ರವಾರ ನಿನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಅಂಟು ಹಾಕು.”

ಅವನು ಕೆಟ್ಟವನಲ್ಲ. ಇಬ್ಬರನ್ನೂ ಉಳಿಸುವ ದಾರಿ ಅದು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು. ನಾನು ತಲೆಯಾಡಿಸಿ ಬಂದೆ. ಆದರೆ ಕಟ್ಟನ್ನು ಅಟ್ಟಕ್ಕೆ ಏರಿಸಲಿಲ್ಲ, ಬ್ಯಾಗಿಗೆ ಹಾಕಿಕೊಂಡೆ.

ಊಟ ಆದ ಮೇಲೆ ಸರೋಜಾಳ ಮುಂದೆ ಇಟ್ಟು, “ಇದರಾಗ ಏನೈತಿ ಓದಿ ಹೇಳು” ಎಂದೆ. ಅವಳು ಕನ್ನಡಕ ಹಾಕಿಕೊಂಡು ಅಡುಗೆಮನೆ ಮೇಜಿನ ಹತ್ತಿರ ಕುಳಿತಳು. ಅಷ್ಟೊಂದು ಹಳೆಯ ಇಂಗ್ಲಿಷ್ ಅವಳಿಗೂ ಸುಲಭವಾಗಿರಲಿಲ್ಲ. ಒಂದು ಪುಟ ಓದಿ, ನಿಂತು, ಹುಬ್ಬಳ್ಳಿಗೆ ಇಳಿಸಿ ಹೇಳುವಳು. ಬ್ರಿಟಿಷರನ್ನು ಓಡಿಸಿದ ಮೇಲೆ ಅಮೆರಿಕದಲ್ಲಿ ಹದಿಮೂರು ರಾಜ್ಯ. ಕೆಲವು ದೊಡ್ಡ ಮನುಷ್ಯರು ಫಿಲಡೆಲ್ಫಿಯಾದಲ್ಲಿ ಒಂದು ಬೇಸಿಗೆಯೆಲ್ಲ ಬಾಗಿಲು ಹಾಕಿಕೊಂಡು ಕೂತು ಇಡೀ ದೇಶಕ್ಕೆ ಒಂದು ಸಂವಿಧಾನ ಬರೆದರು. ಒಂಬತ್ತು ರಾಜ್ಯ ಒಪ್ಪಿದರೆ ಜಾರಿ. ಒಪ್ಪಿ ಎಂದು ಬರೆದವರು ಒಂದು ಕಡೆ, ಬೇಡ ಎಂದು ಬರೆದವರು ಇನ್ನೊಂದು ಕಡೆ. ಎರಡೂ ಕಡೆಯವರು ತಮ್ಮ ಹೆಸರು ಮುಚ್ಚಿ, ಹಳೆಯ ರೋಮ್‌ನವರ ಹೆಸರು ಇಟ್ಟುಕೊಂಡು ಪೇಪರಿನಲ್ಲಿ ಬರೆದರಂತೆ.

“ಬ್ಯಾಡ ಅನ್ನೋವ್ರು ಏನಂತಾರ?” ಎಂದೆ.

“ತಡೀರಿ. ದೂರದಾಗ ಕುಂತ ಸರಕಾರ ನಮ್ಮ ಊರಿನ ಕಷ್ಟ ತಿಳಕೊಳ್ಳೂದಿಲ್ಲ ಅಂತಾರ. ಟ್ಯಾಕ್ಸ್ ಅವರ ಕೈಯಾಗ, ಸೈನ್ಯ ಅವರ ಕೈಯಾಗ. ಮತ್ತ ಜನರ ಹಕ್ಕು ಏನೇನು ಅಂತ ಎಲ್ಲೂ ಬರದೇ ಇಲ್ಲ ಅಂತಾರ.”

“ಅಂದ್ರ ದೇಶನ ಬ್ಯಾಡ ಅಂತಾರೇನು?”

“ಅಯ್ಯ, ಹಂಗಲ್ರಿ. ಬಾಯಿಮಾತು ನಂಬಂಗಿಲ್ಲ, ಬರದು ಕೊಡ್ರಿ ಅಂತಾರ. ಏನ್ ತಪ್ಪೈತಿ ಅದರಾಗ?” ಕನ್ನಡಕ ತೆಗೆದು ನನ್ನ ಮುಖ ನೋಡಿದಳು. “ಇದನ್ನ ಯಾಕ ಮನೀಗೆ ತಂದೀರಿ? ಏನ್ ಮಾಡಿ ಬಂದೀರಿ?”

ಹೇಳಿದೆ. ಗ್ರೇಮ್ ಹೇಳಿದ್ದನ್ನೂ ಹೇಳಿದೆ. ಅವಳು ಹಾಳೆಗಳನ್ನು ಸಮ ಮಾಡಿ ಇಟ್ಟಳು.

“ಆ ಹುಡುಗ್ರು ಮೂರು ವಾರದಿಂದ ಒಂದ ಕಡೆ ಮಾತು ಓದಾಕತ್ತಾರ. ಅವರಿಗೆ ಇನ್ನೊಂದು ಕಡೆ ಐತಿ ಅಂತನ ಗೊತ್ತಿಲ್ಲ. ನಮ್ಮ ವಾರ್ಡಿನಾಗ ಪೇಷಂಟಿಗೆ ಅರ್ಧಾ ರಿಪೋರ್ಟ್ ಕೊಟ್ಟು ಸುಮ್ಮ ಕುಂತ್ರ ನೀವು ನನಗ ಏನಂತಿದ್ರಿ?”

“ಮನಿ ಕೈ ಬಿಟ್ಟು ಹೋದ್ರ?”

“ಟೂಂಗಾಬಿ ಯೂನಿಟ್ಟಿನಾಗ ನಾವೇನ್ ಸತ್ತಿದ್ವೇನ್ರಿ?”

ಶುಕ್ರವಾರ ಬೆಳಿಗ್ಗೆ ಹೆಲೆನ್ ಅವರ ಕೋಣೆಯ ಬಾಗಿಲು ತಟ್ಟಿದೆ. ಅಲ್ಲಿ ಎಲ್ಲರೂ ಅವರನ್ನು ಬರೀ ಹೆಲೆನ್ ಎನ್ನುತ್ತಿದ್ದರು. ನನಗೆ ಬಾಯಿ ಬಾರದು, ಮೇಡಂ ಎಂದೆ. ಕಟ್ಟನ್ನು ಮೇಜಿನ ಮೇಲಿಟ್ಟು, “ಇದನ್ನು ನಾನು ಎರಡನೇ ಪ್ರತಿ ಎಂದುಕೊಂಡೆ. ಓದಿ ನೋಡಲಿಲ್ಲ. ತಪ್ಪು ನನ್ನದು” ಎಂದೆ. ಅಷ್ಟು ಇಂಗ್ಲಿಷನ್ನು ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ಅವರು ಹಾಳೆ ತಿರುವಿದರು. ತಾವು ಕೊಟ್ಟ ಮೂಲದಿಂದಲೇ ಪಾಠ ಮಾಡುತ್ತಿದ್ದುದರಿಂದ ಅವರಿಗೆ ಗೊತ್ತೇ ಆಗಿರಲಿಲ್ಲ. ವಿರೋಧದ ಭಾಗವನ್ನು ನಾಲ್ಕನೇ ವಾರಕ್ಕೆ ಇಟ್ಟಿದ್ದರು, ಅಂದರೆ ಮುಂದಿನ ವಾರ. ಗುರುವಾರ ವಿದ್ಯಾರ್ಥಿಗಳೇ ಒಂದು ರಾಜ್ಯದ ಪ್ರತಿನಿಧಿಗಳಾಗಿ ಸಭೆ ಸೇರಿ, ವಾದ ಮಾಡಿ, ಒಪ್ಪಿಗೆಗೆ ಓಟು ಹಾಕಬೇಕಿತ್ತು.

ಬೈಯುತ್ತಾರೆ ಎಂದು ನಿಂತಿದ್ದೆ. ಅವರು ನಕ್ಕುಬಿಟ್ಟರು.

“ನೀವು ಏನು ಮಾಡಿದ್ದೀರಿ ಗೊತ್ತಾ? ಪೆನ್ಸಿಲ್ವೇನಿಯಾದಲ್ಲಿ ಇದೇ ಆಯಿತು. ಆ ರಾಜ್ಯದ ಒಪ್ಪಿಗೆ ಸಭೆಯಲ್ಲಿ ನಡೆದ ವಾದಗಳನ್ನು ಒಬ್ಬ ಬರೆದುಕೊಂಡ. ಪುಸ್ತಕ ಅಚ್ಚಾಗಿ ಬಂದರೆ ಒಪ್ಪಿದವರ ಭಾಷಣ ಮಾತ್ರ ಇತ್ತು. ಒಪ್ಪದವರು ತಮ್ಮ ಮಾತನ್ನು ತಾವೇ ಬೇರೆ ಅಚ್ಚು ಹಾಕಿಸಿ ಹಂಚಬೇಕಾಯಿತು.”

ಅದಕ್ಕೂ ಮೊದಲಿನ ಒಂದು ಪ್ರಸಂಗ ಹೇಳಿದರು. ಆ ಸಭೆಯನ್ನು ಕರೆಯುವ ನಿರ್ಣಯಕ್ಕೇ ಸದಸ್ಯರು ಸಾಕಷ್ಟು ಇರಬಾರದೆಂದು ಕೆಲವು ವಿರೋಧಿಗಳು ಶಾಸನಸಭೆಗೆ ಹೋಗದೆ ಬಿಡಾರದಲ್ಲಿ ಉಳಿದಿದ್ದರು. ಜನರ ಗುಂಪೊಂದು ಹೋಗಿ ಇಬ್ಬರನ್ನು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿತಂತೆ, ಲೆಕ್ಕಕ್ಕೆ ಜನ ಬೇಕಲ್ಲ ಎಂದು. ನನಗೆ ನಮ್ಮ ಕಡೆಯ ಸೊಸೈಟಿ ಚುನಾವಣೆಗಳು ನೆನಪಾಗಿ ನಗು ಬಂತು. ಮೇಡಂ ಯಾಕೆ ಎಂದು ಕೇಳಿದರು, ಹೇಳಿದೆ. ಅವರಿಗೆ ಇನ್ನೂ ನಗು.

ಆಮೇಲೆ ಗಂಭೀರವಾಗಿ, “ಡಾಕೆಟ್‌ನಲ್ಲಿ ಪುಟ ಎಷ್ಟು ಎಂದು ಇರಲಿಲ್ಲವೇ?” ಎಂದರು.

“ಕಟ್ಟಿದ್ದು ನಾನು, ಮೇಡಂ” ಎಂದೆ. ಅವರು ಮತ್ತೆ ಕೇಳಲಿಲ್ಲ.

“ಗುರುವಾರದೊಳಗೆ ಇದನ್ನೂ ಕಟ್ಟಿಕೊಡಲು ಆಗುತ್ತದೆಯೇ? ಈಗ ಬೇರೆಯಾಗಿ ಕೊಡುವುದು ನನಗೆ ಇಷ್ಟವಿಲ್ಲ. ಅದು ಬಾಲದ ಹಾಗೆ ಕಾಣುತ್ತದೆ. ಒಂದೇ ಪುಸ್ತಕದಲ್ಲಿ ಹಿಂದೆ ಹಾಕಿದರೂ ಅಷ್ಟೇ, ಮೊದಲು ಇದ್ದವರೇ ಗೆಲ್ಲುತ್ತಾರೆ. ಅದಕ್ಕೇ ನಾನು ಎರಡಕ್ಕೂ ಒಂದರಿಂದ ನಂಬರ್ ಹಾಕಿದ್ದೆ.”

ಆಗ ನನಗೆ ಹಳೇ ಹುಬ್ಬಳ್ಳಿಯ ನೇಕಾರರ ಸಂಘದ ನಿಯಮಾವಳಿ ನೆನಪಾಯಿತು. ಸದಸ್ಯರಲ್ಲಿ ಅರ್ಧ ಕನ್ನಡ ಓದುವವರು, ಅರ್ಧ ಉರ್ದು. ಯಾವುದು ಮೊದಲು ಬರಬೇಕೆಂದು ಜಗಳವಾಗಿ ಪುಸ್ತಕ ವರ್ಷಗಟ್ಟಲೆ ನಿಂತಿತ್ತು. ಖಾದರ್ ಸಾಬ್ ಅದನ್ನು ಒಂದು ಮಧ್ಯಾಹ್ನದಲ್ಲಿ ಬಿಡಿಸಿದರು. ಕನ್ನಡ ಎಡದಿಂದ, ಉರ್ದು ಬಲದಿಂದ. ಎರಡೂ ಕಡೆ ಮುಖಪುಟ, ನಡುವೆ ಕೂಡಿಕೆ. ಇಂಗ್ಲಿಷ್ ಎರಡೂ ಕಡೆ ಎಡದಿಂದಲೇ ಓದುವ ಭಾಷೆಯಾದ್ದರಿಂದ ಒಂದು ಅರ್ಧವನ್ನು ತಲೆಕೆಳಗು ಮಾಡಬೇಕು, ಅಷ್ಟೇ ವ್ಯತ್ಯಾಸ. ಮೇಡಂ ಅವರ ಮೇಜಿನ ಮೇಲಿದ್ದ ಎರಡು ನೋಟ್‌ಬುಕ್ ತೆಗೆದು ಹಿಂಬದಿಗೆ ಹಿಂಬದಿ ಹಚ್ಚಿ, ಒಂದನ್ನು ತಲೆಕೆಳಗು ಮಾಡಿ ತೋರಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ಹೊರಳಿಸಿದರು.

“ಹಿಂಬದಿಯೇ ಇಲ್ಲ!” ಎಂದರು.

ಪ್ರಿಂಟ್ ಶಾಪ್‌ಗೆ ಹೋಗಿ ಗ್ರೇಮ್‌ಗೆ ನಾನೇ ಹೇಳಿದೆ. ಅವನ ಕಿವಿ ಕೂಡ ಕೆಂಪಾಯಿತು.

“ನಿನಗೆ ಏನು ಹೇಳಿದ್ದೆ ನಾನು?”

“ನೀವು ಹೇಳಿದ್ದು ಕೇಳಿಸಿತ್ತು.”

“ಕೇಳಿಸಿತ್ತಂತೆ! ಬೇರೆ ಕೆಲಸ ನಿಲ್ಲಬಾರದು. ಒಂದು ಪುಸ್ತಕ ತಡವಾದರೂ ಶುಕ್ರವಾರ ನಿನಗೆ ಒಳ್ಳೆಯದಾಗಲಿ ಎಂದು ಕೈ ಕುಲುಕಿ ಕಳಿಸುತ್ತೇನೆ.”

ಸೋಮವಾರ, ಮಂಗಳವಾರ ವಿದ್ಯಾರ್ಥಿಗಳು ಪುಸ್ತಕ ವಾಪಸು ತಂದರು. ಪ್ರತಿಯೊಂದರ ಹೆಸರು ಬರೆದಿಟ್ಟು, ಹಳೆಯ ರಟ್ಟು ತೆಗೆದು, ಬೆನ್ನು ಕತ್ತರಿಸಿ, ಎರಡೂ ಅರ್ಧ ಸೇರಿಸಿ ಉಜ್ಜಿ, ಅಂಟು ಕುಡಿಸಿ, ಹೊಸ ರಟ್ಟು ಹಾಕಬೇಕು. ಬೇರೆ ಕೆಲಸ ನಿಲ್ಲಿಸಲಿಲ್ಲ. ಊಟದ ಹೊತ್ತು, ಟೀ ಹೊತ್ತು ಎಲ್ಲ ಇದಕ್ಕೆ. ನನ್ನ ಕೈ ಅಷ್ಟು ಚುರುಕಾಗಿ ಹಿಂದೆ ಎಂದೂ ಓಡಿರಲಿಲ್ಲ, ಮುಂದೆಯೂ ಓಡಲಿಲ್ಲ.

ಆ ಸಲ ನಾನು ಹಾಳೆಗಳನ್ನು ನೋಡುತ್ತ ಕಟ್ಟಿದೆ. ಅಂಚಿನಲ್ಲಿ ಹುಡುಗರು ಪೆನ್ಸಿಲ್ಲಿನಲ್ಲಿ ಬರೆದದ್ದೆಲ್ಲ ಕಾಣುತ್ತಿತ್ತು. ಹೌದು, ಸರಿ, ಒಪ್ಪುತ್ತೇನೆ. ಪುಟ ಪುಟಕ್ಕೆ ಅದೇ. ಒಂದೇ ಒಂದು ಪುಸ್ತಕದಲ್ಲಿ, ನಲವತ್ತನೇ ಪುಟದ ಅಂಚಿನಲ್ಲಿ ಯಾರೋ ಸಿಟ್ಟಿನಿಂದ ಒತ್ತಿ ಬರೆದಿದ್ದರು: ‘ಹಾಗಾದರೆ ಜಗಳ ಯಾರ ಜೊತೆ?’ ಒಳಗಿನ ಹೆಸರು ನೋಡಿದೆ. ಜೋಡಿ ಎಂಬ ಹುಡುಗಿ. ಅವಳ ಪುಸ್ತಕಕ್ಕೆ ಎರಡನೇ ಅರ್ಧ ಸೇರಿಸುವಾಗ ಆ ಹುಡುಗಿಯ ಎದುರಿಗೇ ನಿಂತು ಕ್ಷಮೆ ಕೇಳಿದಂತೆ ಆಯಿತು.

ಬುಧವಾರ ಮಧ್ಯಾಹ್ನಕ್ಕೆ ಅರವತ್ತೂ ಮುಗಿದವು. ಗುರುವಾರದ ತರಗತಿಗೆ ಮೇಡಂ ನನ್ನನ್ನು ಕರೆದರು. ಊಟದ ವಿರಾಮದಲ್ಲಿ ಏಪ್ರನ್ ತೆಗೆದಿಟ್ಟು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಏಳನೇ ಇಯತ್ತೆಯ ನಂತರ ನಾನು ತರಗತಿಯಲ್ಲಿ ಕುಳಿತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಒಬ್ಬ ಹುಡುಗ ಎದ್ದು, ಹದಿಮೂರು ಚೂರುಗಳಾಗಿ ಉಳಿದರೆ ಹೊರಗಿನವರು ಒಂದೊಂದಾಗಿ ನುಂಗುತ್ತಾರೆ, ಈಗಲೇ ಒಪ್ಪಿ ಎಂದು ಚೆನ್ನಾಗಿ ಮಾತಾಡಿದ. ಆಮೇಲೆ ಜೋಡಿ ಎದ್ದಳು. ಕುಳ್ಳಿ, ಗುಂಗುರು ಕೂದಲು. ಪುಸ್ತಕವನ್ನು ತಲೆಕೆಳಗು ಮಾಡಿ ಇನ್ನೊಂದು ಕಡೆಯಿಂದ ತೆರೆದಳು.

“ನೀವು ಒಳ್ಳೆಯವರೇ ಇರಬಹುದು. ನಿಮ್ಮ ನಂತರ ಬರುವವರ ಗತಿ? ನಮ್ಮ ಹಕ್ಕು ನಿಮ್ಮ ಮನಸ್ಸಿನಲ್ಲಿದೆ ಎಂದರೆ ನನಗೆ ಸಾಲದು. ಅದು ಕಾಗದದಲ್ಲಿ ಎಲ್ಲಿದೆ, ಪುಟ ತೋರಿಸಿ.”

ಗದ್ದಲವೋ ಗದ್ದಲ. ಓಟು ಹಾಕಿದ ಮೇಲೆ ಮೇಡಂ ಚೀಟಿಗಳ ಪೆಟ್ಟಿಗೆಯನ್ನು ನನ್ನ ಮುಂದೆ ಇಟ್ಟು, ಇವರಿಗಿಂತ ಚೆನ್ನಾಗಿ ಎಣಿಸುವವರು ಈ ಕಟ್ಟಡದಲ್ಲಿ ಯಾರೂ ಇಲ್ಲ ಎಂದರು. ಎಣಿಸಿದೆ. ಬೇಡ ಎಂಬುದಕ್ಕೆ ಆರು ಓಟು ಹೆಚ್ಚು. ಒಪ್ಪಿದವರ ಕಡೆಯ ಹುಡುಗನ ಮುಖ ಇಳಿಯಿತು. ಸ್ವಲ್ಪ ಹೊತ್ತು ಗುಸುಗುಸು ನಡೆದು, ಅವನೇ ಎದ್ದು, ಈಗ ಒಪ್ಪೋಣ, ಜೊತೆಗೆ ಹಕ್ಕುಗಳ ಪಟ್ಟಿ ಸೇರಿಸಬೇಕೆಂದು ಬರೆದೇ ಕಳಿಸೋಣ ಎಂದ. ಮತ್ತೆ ಓಟು. ಮತ್ತೆ ಎಣಿಸಿದೆ. ಈ ಸಲ ಪಾಸಾಯಿತು, ಜೋಡಿಯೂ ಕೈತಟ್ಟಿದಳು. ಮ್ಯಾಸಚೂಸೆಟ್ಸ್‌ನಲ್ಲಿ ನಿಜವಾಗಿ ನಡೆದದ್ದು ಹೆಚ್ಚುಕಡಿಮೆ ಹೀಗೆಯೇ, ಆಮೇಲೆ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು, ಕೊನೆಗೆ ಆ ಪಟ್ಟಿ ಸಂವಿಧಾನಕ್ಕೆ ಸೇರಿತು ಎಂದು ಮೇಡಂ ಹೇಳಿದರು. ನಾರ್ತ್ ಕ್ಯಾರೊಲೈನಾ ಮಾತ್ರ ಮೊದಲ ಸಲ ಒಪ್ಪದೆ ಎದ್ದು ಹೋಯಿತಂತೆ. ರೋಡ್ ಐಲೆಂಡ್ ಎಲ್ಲರಿಗಿಂತ ಕೊನೆಗೆ, ಗೊಣಗುತ್ತಲೇ ಬಂತಂತೆ.

ಬೇಡ ಎಂದವರು ಸೋತರು ಎಂದು ಚರಿತ್ರೆಯ ಪುಸ್ತಕ ಹೇಳಬಹುದು. ಹಕ್ಕುಗಳ ಪಟ್ಟಿ ಬಂದದ್ದು ಅವರು ಹಟ ಹಿಡಿದುದರಿಂದ. ಇದು ನನಗೆ ತಿಳಿದದ್ದು ಕತ್ತರಿಸಿ ಅಂಟು ಹಾಕುತ್ತ. ಆಮೇಲೆ ನಿವೃತ್ತಿಯ ದಿನದವರೆಗೆ ನಾನು ಓದದೆ ಏನನ್ನೂ ಕಟ್ಟಲಿಲ್ಲ. ಖಾದರ್ ಸಾಬರ ಒಂದು ಮಾತನ್ನು ಮೀರಿದೆ; ಅವರು ಕಲಿಸಿದ ಕೈ ಮಾತ್ರ ನನ್ನನ್ನು ಉಳಿಸಿತು. ಎರಡಕ್ಕೂ ಅವರಿಗೆ ಸಲಾಂ.

ಶುಕ್ರವಾರ ಬಂತು. ಮೂರು ಗಂಟೆಗೆ ಗ್ರೇಮ್ ಕರೆದ. ಮೇಜಿನ ಮೇಲೆ ಎರಡು ಮುಖಪುಟದ ಪುಸ್ತಕ ಒಂದು ಇತ್ತು, ಮೇಡಂ ಕಳಿಸಿದ್ದು. ಅದನ್ನು ಹೊರಳಿಸುತ್ತ ಅವನು ನನ್ನ ಮುಖ ನೋಡದೆ ಹೇಳಿದ.

“ಹೆಲೆನ್ ಬಂದಿದ್ದಳು. ಡಾಕೆಟ್ ಬಗ್ಗೆ ಕೇಳಿದಾಗ ನೀನು ನನ್ನ ಹೆಸರು ಹೇಳಲಿಲ್ಲವಂತೆ.”

“ಕಟ್ಟಿದ್ದು ನಾನಲ್ಲವೇ?”

“ಖಾಲಿ ಬಿಟ್ಟಿದ್ದು ನಾನು.” ಪುಸ್ತಕ ಕೆಳಗಿಟ್ಟ. ಒಂದು ಕಾಗದವನ್ನು ನನ್ನ ಕಡೆ ತಳ್ಳಿದ. ಪರ್ಮನೆಂಟ್ ಕೆಲಸದ ಕಾಂಟ್ರಾಕ್ಟ್. ಪೆನ್ನನ್ನೂ ಮುಚ್ಚಳ ತೆಗೆದು ಕೊಟ್ಟ.

ಕ್ರಾನ್‌ಬರ್ನ್‌ನ ಮನೆ ಆ ಕಾಗದದಲ್ಲಿತ್ತು. ಆದರೂ ಪೆನ್ನು ಹಿಡಿಯಲಿಲ್ಲ.

“ಮನೆಗೆ ಒಯ್ದು ಓದಿ ಸೋಮವಾರ ತರುತ್ತೇನೆ.”

“ಹಿಂದೆ ನಿಂತಲ್ಲೇ ಸಹಿ ಹಾಕಿದ್ದೆಯಲ್ಲೋ ಮಾರಾಯ! ಇದೂ ಅದೇ ಥರದ್ದು.”

“ಹಿಂದೆ ಓದಿರಲಿಲ್ಲ.”

ಶನಿವಾರ, ಭಾನುವಾರ ಸರೋಜಾ ನನ್ನ ಪಕ್ಕ ಕುಳಿತು ಸಾಲು ಸಾಲಾಗಿ ಓದಿಸಿದಳು. ಅರ್ಥವಾಗದ ಕಡೆ ನಿಲ್ಲಿಸಿ, ಮತ್ತೆ ಓದಿಸಿದಳು. ಎಲ್ಲ ಸರಿಯಿತ್ತು, ಒಂದು ಮಾತು ಬಿಟ್ಟು. ತಪ್ಪಾದರೆ ಬೈಂಡರ್ ಹೊಣೆ ಎಂದಿತ್ತು. ತಪ್ಪಾಗದಂತೆ ನೋಡಿಕೊಳ್ಳಲು ಬೈಂಡರ್‌ಗೆ ಏನು ಕೊಡುತ್ತೀರಿ ಎಂದು ಎಲ್ಲೂ ಇರಲಿಲ್ಲ. ಕೊನೆಯ ಪುಟದ ಕೆಳಗೆ ನಾನೇ ನನ್ನ ಕೈಬರಹದಲ್ಲಿ ಒಂದು ಸಾಲು ಸೇರಿಸಿದೆ: ಡಾಕೆಟ್ ಪೂರ್ತಿ ತುಂಬಿದ ಮೇಲೆಯೇ ಕೆಲಸ ಬೈಂಡರ್ ಮೇಜಿಗೆ ಬರಬೇಕು, ಕಟ್ಟುವ ಮೊದಲು ಓದಿ ನೋಡಲು ಅವನಿಗೆ ಹೊತ್ತು ಕೊಡಬೇಕು. ಕಾಗುಣಿತ ಸರೋಜಾ ತಿದ್ದಿದಳು. ಅದರ ಕೆಳಗೆ ಸಹಿ ಹಾಕಿದೆ.

ಸೋಮವಾರ ಬೆಳಿಗ್ಗೆ ಗ್ರೇಮ್ ಅದನ್ನು ನಿಂತೇ ಓದಿದ. ಕೊನೆಯ ಸಾಲಿಗೆ ಬಂದು ನಿಂತ. ಇನ್ನೊಮ್ಮೆ ಓದಿದ. ನನ್ನನ್ನು ನೋಡಿದ, ಕಾಗದ ನೋಡಿದ.

“ಇದನ್ನು ನಾನು ಒಪ್ಪದಿದ್ದರೆ?”

“ಹಾಗಾದರೆ ನನ್ನ ಸಹಿಯೂ ಇಲ್ಲ” ಎಂದೆ. ಮಾತು ನೆಟ್ಟಗೇ ಬಂತು.

ಅವನು ಕಿಟಕಿಯ ಕಡೆ ತಿರುಗಿ ತನ್ನಷ್ಟಕ್ಕೆ ಏನೋ ಬೈದುಕೊಂಡ. ಆಮೇಲೆ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ನನ್ನ ಸಾಲಿನ ಪಕ್ಕದಲ್ಲಿ ತನ್ನ ಹೆಸರಿನ ಮೊದಲಕ್ಷರ ಗೀಚಿದ.

“ಸಾಕಾ? ಹೋಗು ಇನ್ನು, ಅಂಟು ಕಾಯಿಸು.”

ಅಂಟು ಆಗಲೇ ಕಾದಿತ್ತು. ಏಳೂವರೆಗೇ ಬಂದು ಮೆಷಿನ್ ಹಚ್ಚಿ, ಆಮೇಲೆ ಅವನ ಕೋಣೆಗೆ ಹೋಗಿದ್ದೆ.